ಆಲೂಗಡ್ಡೆಯ ಮೇಲಣ ಅಪವಾದ

ಇಂಥ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯು ಪರೀಕ್ಷೆಯ ಫಲಿತಾಂಶವನ್ನೋ ಹೊಸ ಕಟ್ಟಡವನ್ನೋ ಕುರಿತು ಬರೆಯುವದು ವಾಡಿಕೆ. ಈ ಸಾರಿ ನಾವು ಬೆಳಗಿನ ಉಪಾಹಾರವನ್ನೂ ಅದರಲ್ಲಿ ಆಲೂಗಡ್ಡೆಯನ್ನೂ ಕುರಿತು ಬರೆಯಲು ಪೂರ್ವ ವಿದ್ಯಾರ್ಥಿನಿಯರ ಹಾಗೂ ತಂದೆತಾಯಿಗಳ ಅಪ್ಪಣೆ ಬೇಡುತ್ತೇವೆ. ಇದಕ್ಕೆ ಕಾರಣವುಂಟು.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ, ಪಾಠ ಆರಂಭವಾಗುವ ಮುನ್ನ ಎಲ್ಲರೂ ಅಂಗಳದಲ್ಲಿ ನಿಂತಿದ್ದಾಗ, ಹತ್ತನೆಯ ತರಗತಿಯ ಹುಡುಗಿಯೊಬ್ಬಳು ತಲೆ ಸುತ್ತಿ ಕುಳಿತುಬಿಟ್ಟಳು. ನೀರು ಕೊಟ್ಟು ವಿಚಾರಿಸಿದೆವು. ಮನೆಯಲ್ಲಿ ರೊಟ್ಟಿಯೂ ಆಲೂಗಡ್ಡೆ ಪಲ್ಯವೂ ಸಿದ್ಧವಾಗಿದ್ದವು. "ಆಲೂಗಡ್ಡೆ ತಿಂದರೆ ದಪ್ಪಗಾಗುತ್ತೇನೆ, ಟೀಚರ್" ಎಂದು ಹೆದರಿ ಅವಳೇ ಬಿಟ್ಟು ಬಂದಿದ್ದಳು. ಅವಳ ಚೀಲದಲ್ಲಿಯಾದರೋ ಆಲೂಗಡ್ಡೆ ಚಿಪ್ಸಿನ ಪೊಟ್ಟಣವೊಂದಿತ್ತು! ನಮಗೆ ನಗು ಬರಲಿಲ್ಲ. ಅವಳಿಗೆ ಲೆಕ್ಕ ಕಲಿಸಿದವರು ನಾವೇ. ಈ ಲೆಕ್ಕವನ್ನು ಮಾತ್ರ ಕಲಿಸಿರಲಿಲ್ಲ.

ಆ ಲೆಕ್ಕವು ಹೀಗಿದೆ. ಬೇಯಿಸಿದ 100 ಗ್ರಾಂ ಆಲೂಗಡ್ಡೆಯಲ್ಲಿ ಕೊಬ್ಬು ಸುಮಾರು 0.1 ಗ್ರಾಂ, ಅದರಿಂದ ದೊರೆಯುವ ಶಕ್ತಿ 90 ಕ್ಯಾಲೊರಿಯಷ್ಟು. ಅದೇ ಗಡ್ಡೆಯನ್ನು ತೆಳ್ಳಗೆ ಸೀಳಿ ಕರಿದರೆ ನೀರು ಆರಿ ಎಣ್ಣೆ ಸೇರುವದು. 100 ಗ್ರಾಂ ಚಿಪ್ಸಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಕೊಬ್ಬೇ ಇರುವದು, ಶಕ್ತಿಯು 500 ಕ್ಯಾಲೊರಿಯನ್ನು ದಾಟುವದು. ಗಡ್ಡೆಯೊಂದೇ, ಭೇದವೆಲ್ಲ ಬಾಣಲೆಯದು. ಆದಕಾರಣ ಬಾಣಲೆಯನ್ನು ಕ್ಷಮಿಸಿ ಗಡ್ಡೆಯನ್ನು ದೂರುವದು ನ್ಯಾಯವಲ್ಲವೆಂಬದೇ ನಮ್ಮ ಅಭಿಪ್ರಾಯ.

ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳಲ್ಲಿ ಹುಟ್ಟಿದ ಈ ಬೆಳೆಯು ಇಂದು ನಮ್ಮ ಹಾಸನ ಜಿಲ್ಲೆಯ ರೈತರ ಬೆಳೆಯೂ ಆಗಿದೆ. ಹಸಿದವರಿಗೆ ಇದು ಎಷ್ಟು ಆಧಾರವೆಂಬದನ್ನು ಲೋಕಕ್ಕೆ ತಿಳಿಸುವದಕ್ಕಾಗಿ ವಿಶ್ವಸಂಸ್ಥೆಯು 2008ನೆಯ ವರ್ಷವನ್ನು ಆಲೂಗಡ್ಡೆಯ ಅಂತರರಾಷ್ಟ್ರೀಯ ವರ್ಷವಾಗಿ ಆಚರಿಸಿತು. ಇಂಥದನ್ನು ನಮ್ಮ ಹೆಣ್ಣುಮಕ್ಕಳು ಶತ್ರುವೆಂದೆಣಿಸುವದು ವಿಷಾದಕರ.

ಹಾಗಾದರೆ ಅಡುಗೆ ಹೇಗೆ? ಗಡ್ಡೆಯನ್ನು ಚೆನ್ನಾಗಿ ತೊಳೆದು ಸಿಪ್ಪೆಯೊಡನೆಯೇ ಬೇಯಿಸಿರಿ. ಸಿ ಜೀವಸತ್ವವು ನೀರಿನಲ್ಲಿ ಕರಗಿ ಹೋಗುವದು ಇದರಿಂದ ಕಡಿಮೆಯಾಗುವದು. ಹಸಿರುಗಟ್ಟಿದ ಭಾಗವನ್ನೂ ಮೊಳಕೆಯನ್ನೂ ಆಳವಾಗಿ ಕೊಯ್ದು ಬಿಸಾಡಿರಿ. ನಾಲ್ವರ ಪಲ್ಯದ ಒಗ್ಗರಣೆಗೆ ಎರಡು ಚಿಕ್ಕ ಚಮಚ ಎಣ್ಣೆ ಸಾಕು. ಅದನ್ನು ಸೀಸೆಯಿಂದ ಸುರಿಯದೆ ಅಳೆದು ಹಾಕಿರಿ. ಈರುಳ್ಳಿ ತಳ ಹಿಡಿದರೆ ಎಣ್ಣೆಯ ಬದಲು ನೀರು ಚಿಮುಕಿಸಿರಿ. ಬೆಂದ ಗಡ್ಡೆಯನ್ನು ಹಿಸುಕಿ, ಅಕ್ಕಿಹಿಟ್ಟು, ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿಗಳೊಡನೆ ಕಲಸಿ, ಒದ್ದೆ ಬಟ್ಟೆಯ ಮೇಲೆ ತಟ್ಟಿ ಕಾವಲಿಯಲ್ಲಿ ಬೇಯಿಸಿದರೆ ಮೆತ್ತನೆಯ ರೊಟ್ಟಿಯಾಗುವದು. ಕೆನೆ ತೆಗೆದ ಮೊಸರಿನಲ್ಲಿ ಕಲಸಿದ ಮೊಸರುಬಜ್ಜಿಯು ಅದಕ್ಕೆ ಒಳ್ಳೆಯ ಜೊತೆ.

ಆಲೂಗಡ್ಡೆಯೊಂದೇ ಸಾಕೆಂದು ನಾವು ಹೇಳುವವರಲ್ಲ. ಅದರಲ್ಲಿ ಸಸಾರಜನಕ ಸ್ವಲ್ಪವೇ. ಮೊಸರೋ ಮೊಟ್ಟೆಯೋ ನೆನೆಸಿ ಬೇಯಿಸಿದ ಕಾಳೋ ಒಡನಿರಬೇಕು. ಮನೆಯಲ್ಲಿ ಮಧುಮೇಹವುಳ್ಳವರು ವೈದ್ಯರು ಹೇಳಿದ ಅಳತೆಯನ್ನು ಮೀರಬಾರದು.

"ಬೆಳಿಗ್ಗೆ ಇದಕ್ಕೆಲ್ಲ ಸಮಯವೆಲ್ಲಿ?" ಎಂದು ತಾಯಂದಿರು ಕೇಳುವದು ನಮಗೆ ಕೇಳಿಸುತ್ತಿದೆ. ಮಾತು ದಿಟವೇ. ಆದರೆ ಮಗಳ ಸ್ನಾನ ಮುಗಿಯುವಷ್ಟರಲ್ಲಿ ಗಡ್ಡೆಯು ಕುಕ್ಕರಿನಲ್ಲಿ ಬೆಂದಿರುವದು. ಸಿಪ್ಪೆ ಸುಲಿಯುವದಕ್ಕೆ ತಂದೆಯ ಕೈಯೂ ಅಣ್ಣತಮ್ಮಂದಿರ ಕೈಯೂ ಆಗುವದು.

ಕೊನೆಗೊಂದು ಬಿನ್ನಹ. ಮಗಳ ಮೈಕಟ್ಟನ್ನು ಕುರಿತು ಅವಳ ಎದುರಿಗೆ ಹಾಸ್ಯದ ಮಾತಾಡಬೇಡಿರಿ. ಆ ಬೆಳಿಗ್ಗೆ ಆ ಹುಡುಗಿಯನ್ನು ಕುಳ್ಳಿರಿಸಿದ್ದು ಹಸಿವೊಂದೇ ಅಲ್ಲ, ನೆಂಟರ ಮನೆಯಲ್ಲಿ ಯಾರೋ ಆಡಿದ ಒಂದು ಮಾತು. ಬೆಳೆಯುವ ವಯಸ್ಸಿನ ಹುಡುಗಿಯು ಅನ್ನಕ್ಕೆ ಅಂಜಿದರೆ ನಾವು ಕಲಿಸುವ ಪಾಠ ತಲೆಗೆ ಹತ್ತುವದು ಹೇಗೆ? ಎಣ್ಣೆಯನ್ನು ಅಳೆಯಿರಿ, ಮಗಳನ್ನು ಅಳೆಯಬೇಡಿರಿ. ಅವಳು ಹೊಸ್ತಿಲು ದಾಟುವ ಮುಂಚೆ "ತಿಂದೆಯೇನಮ್ಮ?" ಎಂದು ಒಮ್ಮೆ ಕೇಳಿರಿ. ಉಳಿದದ್ದನ್ನು ನಾವು ನೋಡಿಕೊಳ್ಳುವೆವು.