ಒಗೆದು ಒಣಗಿಸುವ ಯಂತ್ರ: ನಿಮ್ಮ ಮನೆಗೆ ಬೇಕೇ?

ಕಳೆದ ಮಳೆಗಾಲದಲ್ಲಿ ಒಂದೇ ಮನೆಯ ನಾಲ್ಕು ಮಂದಿ ಒಟ್ಟಿಗೆ ನನ್ನ ಚಿಕಿತ್ಸಾಲಯಕ್ಕೆ ಬಂದರು. ತಾಯಿ, ಇಬ್ಬರು ಮಕ್ಕಳು ಮತ್ತು ಅತ್ತೆ. ನಾಲ್ವರಿಗೂ ಸೊಂಟ, ತೊಡೆಸಂದು, ಕಂಕುಳಲ್ಲಿ ಹುಳುಕಡ್ಡಿ. ಮುಲಾಮು ಹಚ್ಚಿದರೆ ಕಡಿಮೆಯಾಗುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ. “ಮೂರು ದಿನವಾದರೂ ಬಟ್ಟೆ ಒಣಗುವುದಿಲ್ಲ ಡಾಕ್ಟ್ರೇ. ದುಬೈಯಿಂದ ಇವರು ಫೋನ್ ಮಾಡಿ, ಒಗೆದು ಒಣಗಿಸುವ ಮೆಷಿನ್ ತೆಗೆದುಕೊಳ್ಳೋಣ ಅನ್ನುತ್ತಿದ್ದಾರೆ. ತಗೊಂಡರೆ ಇದು ಹೋಗುತ್ತದಾ?” ಎಂದು ಆ ತಾಯಿ ಕೇಳಿದರು.

ಈ ಪ್ರಶ್ನೆ ಕರಾವಳಿಯ ಅನೇಕ ಮನೆಗಳಲ್ಲಿದೆ. ಆದ್ದರಿಂದ ಉತ್ತರವನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ರೋಗದ ವಿಷಯ. ಯುನಾನಿಯಲ್ಲಿ ಹುಳುಕಡ್ಡಿಗೆ ‘ಕೂಬಾ’ ಎನ್ನುತ್ತೇವೆ. ಅದು ಶಿಲೀಂಧ್ರದ ಸೋಂಕು. ಬೆವರು, ತೇವ ಮತ್ತು ಬಿಗಿಯಾದ ಬಟ್ಟೆ ಇದ್ದಲ್ಲಿ ಬೆಳೆಯುತ್ತದೆ. ಬಟ್ಟೆ, ಟವೆಲ್, ಹಾಸಿಗೆಯ ಮೂಲಕ ಒಬ್ಬರಿಂದ ಇನ್ನೊಬ್ಬರಿಗೆ ಹರಡುತ್ತದೆ. ಅರ್ಧ ಒಣಗಿದ ಒಳಉಡುಪು ತೊಟ್ಟರೆ, ಒದ್ದೆ ಕೂದಲಿಗೆ ಹಿಜಾಬ್ ಕಟ್ಟಿಕೊಂಡರೆ ಚರ್ಮಕ್ಕೆ ತೇವ ಬಿಡುವುದೇ ಇಲ್ಲ. ಹಾಗೆಂದು ಬಟ್ಟೆ ಒಣಗಿದ ಮಾತ್ರಕ್ಕೆ ರೋಗ ಹೋಗದು. ಮನೆಯ ಎಲ್ಲ ರೋಗಿಗಳಿಗೂ ಏಕಕಾಲಕ್ಕೆ ಚಿಕಿತ್ಸೆಯಾಗಬೇಕು. ಔಷಧದಂಗಡಿಯಲ್ಲಿ ಕೇಳಿ ತರುವ ಸ್ಟಿರಾಯ್ಡ್ ಬೆರೆತ ಮುಲಾಮನ್ನು ಬಿಡಬೇಕು. ಅದು ತುರಿಕೆಯನ್ನು ಅಡಗಿಸಿ ರೋಗವನ್ನು ಬೆಳೆಸುತ್ತದೆ. ಆ ತಾಯಿಯ ಚೀಲದಲ್ಲೂ ಅಂಥದೇ ಎರಡು ಟ್ಯೂಬ್‌ಗಳಿದ್ದವು.

ಇನ್ನು ಗಾಳಿಯ ವಿಷಯ. ನಮ್ಮ ವೈದ್ಯಪದ್ಧತಿ ಆರೋಗ್ಯಕ್ಕೆ ಆರು ಅನಿವಾರ್ಯ ಕಾರಣಗಳನ್ನು, ಅಂದರೆ ‘ಅಸ್ಬಾಬೆ ಸಿತ್ತಾ ಜರೂರಿಯ್ಯಾ’ವನ್ನು ಹೇಳುತ್ತದೆ. ಅದರಲ್ಲಿ ಮೊದಲನೆಯದು ಸುತ್ತಲಿನ ಗಾಳಿ. ಯಂತ್ರ ಚೆನ್ನಾಗಿ ಹಿಂಡಿದ ಮೇಲೂ ಐದು ಕಿಲೋ ಹತ್ತಿ ಬಟ್ಟೆಯಲ್ಲಿ ಸುಮಾರು ಎರಡೂವರೆ ಲೀಟರ್ ನೀರು ಉಳಿದಿರುತ್ತದೆ. ಕಿಟಕಿ ಮುಚ್ಚಿದ ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಒಣಹಾಕಿದರೆ ಆ ನೀರೆಲ್ಲ ಕೋಣೆಯ ಗಾಳಿಗೆ ಸೇರುತ್ತದೆ. ಗೋಡೆ ಬೂಷ್ಟು ಹಿಡಿಯುತ್ತದೆ, ಉಬ್ಬಸವಿರುವ ಮಗುವಿಗೆ ರಾತ್ರಿ ಕೆಮ್ಮು ಹೆಚ್ಚುತ್ತದೆ. ಹಿಂದೆ ಅಜ್ಜಿಯಂದಿರು ಬಚ್ಚಲಿನ ಹಂಡೆ ಒಲೆಯ ಮೇಲೆ ಬಟ್ಟೆ ಹರವುತ್ತಿದ್ದರು. ಬಟ್ಟೆಗೆ ಹೊಗೆಯ ವಾಸನೆ ಹಿಡಿದರೂ ಒಣಗುತ್ತಿತ್ತು. ಇಂದಿನ ಫ್ಲ್ಯಾಟ್‌ನಲ್ಲಿ ಒಲೆಯೂ ಇಲ್ಲ, ಅಂಗಳವೂ ಇಲ್ಲ.

ಹಾಗಾದರೆ ಯಂತ್ರ ಕೊಳ್ಳೋಣವೇ? ಕೊಳ್ಳುವ ಮೊದಲು ನಾಲ್ಕು ಸಂಗತಿ ತಿಳಿದಿರಲಿ.

ಒಂದು, ಒಗೆಯುವ ತೂಕ ಬೇರೆ, ಒಣಗಿಸುವ ತೂಕ ಬೇರೆ. ಪೆಟ್ಟಿಗೆಯ ಮೇಲೆ 8 ಕಿಲೋ ಎಂದಿದ್ದರೆ ಒಣಗಿಸುವುದು 5 ಕಿಲೋ ಇರಬಹುದು. ಎಂಟು ಕಿಲೋ ಒಗೆದು ಹಾಗೆಯೇ ಒಣಗಲು ಬಿಟ್ಟರೆ ಬಟ್ಟೆ ತೇವವಾಗಿಯೇ ಹೊರಬರುತ್ತದೆ. ಅಂಗಡಿಯಲ್ಲಿ ಎರಡನೆಯ ಅಂಕಿಯನ್ನು ಕೇಳಿ.

ಎರಡು, ಸಮಯ. ಒಗೆದು ಒಣಗಿಸಲು ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆ ಬೇಕು. ಒಣಗುತ್ತಿರುವಾಗ ಇನ್ನೊಂದು ಸಲ ಒಗೆಯಲಾಗದು. ಎಂಟು ಮಂದಿಯ ಕೂಡುಕುಟುಂಬಕ್ಕೆ ಇದು ದೊಡ್ಡ ತೊಡಕು. ಒಂದು ಭಾಗ ಕೆಟ್ಟು ರಿಪೇರಿಗೆ ಹೋದರೆ ಒಗೆತ, ಒಣಗಿಸುವುದು ಎರಡೂ ನಿಲ್ಲುತ್ತವೆ.

ಮೂರು, ವಿದ್ಯುತ್ತು. ಹೀಟರ್ ಇರುವ ಯಂತ್ರ ಒಮ್ಮೆ ಒಣಗಿಸಲು ಮೂರ್ನಾಲ್ಕು ಯೂನಿಟ್ ತಿನ್ನುತ್ತದೆ. ದಿನಕ್ಕೊಮ್ಮೆಯಂತೆ ತಿಂಗಳಿಗೆ 90ರಿಂದ 120 ಯೂನಿಟ್. 2023ರಲ್ಲಿ ಬಂದ ಗೃಹಜ್ಯೋತಿಯ ಲಾಭ ಪಡೆಯುತ್ತಿರುವವರು ಗಮನಿಸಬೇಕು: ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಕೆಲವು ಮಾದರಿಗಳು ಒಣಗಿಸುವಾಗಲೂ ತಣ್ಣೀರು ಬಳಸುತ್ತವೆ. ಇಸ್ರಾಫ್ ಬೇಡವೆಂದು ವುಝೂವಿನ ನೀರಿನಲ್ಲೂ ಮಿತಿ ಕಲಿತ ನಾವು ಇದನ್ನೂ ಲೆಕ್ಕ ಹಾಕಬೇಕು.

ನಾಲ್ಕು, ತಹಾರತ್. ಒಣಗುವುದೇ ಬೇರೆ, ಶುದ್ಧವಾಗುವುದೇ ಬೇರೆ. ಮಗುವಿನ ಮೂತ್ರ, ರಕ್ತ ತಗುಲಿದ ಬಟ್ಟೆಯನ್ನು ಮೊದಲು ಹರಿಯುವ ನೀರಿನಲ್ಲಿ ತೊಳೆದು, ನಜಾಸತ್ ಹೋದ ಮೇಲೆ ಯಂತ್ರಕ್ಕೆ ಹಾಕಿ. ಆಗ ಬೇರೆ ಬಟ್ಟೆಗಳ ಬಗ್ಗೆ ಸಂಶಯವೂ ಉಳಿಯದು, ರೋಗಾಣುಗಳೂ ಹರಡವು. ಹೆಚ್ಚಿನ ಮಸ್ಅಲಾಗಳನ್ನು ನಿಮ್ಮೂರಿನ ಉಲಮಾಗಳಲ್ಲಿ ಕೇಳಿ ತಿಳಿಯಿರಿ.

ನನ್ನ ಅಭಿಪ್ರಾಯ ಇಷ್ಟು: ಹೆಚ್ಚಿನ ಮನೆಗಳಿಗೆ ಈ ಜೋಡಿ ಯಂತ್ರ ಬೇಡ. ಬಿಸಿನೀರಿನಲ್ಲಿ ಒಗೆಯುವ, ಚೆನ್ನಾಗಿ ಹಿಂಡುವ ಸಾಧಾರಣ ಯಂತ್ರ ಸಾಕು. 30–40 ಡಿಗ್ರಿಯಲ್ಲಿ ಒಗೆದರೆ ಹುಳುಕಡ್ಡಿಯ ಶಿಲೀಂಧ್ರ ಉಳಿಯಬಹುದು. 60 ಡಿಗ್ರಿಯಲ್ಲಿ ಒಗೆಯುವುದು ಅದಕ್ಕೆ ಉತ್ತಮ. ಹತ್ತಿಯ ಒಳಉಡುಪು, ಟವೆಲ್, ಹಾಸಿಗೆ ಹೊದಿಕೆಗಳು ಆ ಬಿಸಿ ತಡೆಯುತ್ತವೆ. ಪಾಲಿಸ್ಟರ್ ಅಬಾಯ ತಡೆಯದು. ಅದನ್ನು ಹಿಂಡಿ ನೆರಳಲ್ಲಿ ಹಾಕಿದರೂ ಬೇಗ ಒಣಗುತ್ತದೆ. ಬಟ್ಟೆಗಳನ್ನು ಒಂದು ಕೋಣೆಯಲ್ಲಿ ಅಂತರ ಬಿಟ್ಟು ಹರವಿ, ಫ್ಯಾನ್ ಹಾಕಿ, ಕಿಟಕಿ ಸ್ವಲ್ಪ ತೆರೆದಿಡಿ. ಸೊಂಟಪಟ್ಟಿ, ಹೊಲಿಗೆಯ ಜಾಗಗಳಿಗೆ ಬಿಸಿ ಇಸ್ತ್ರಿ ಒತ್ತಿ. ಬಿಸಿಲು ಕಂಡ ದಿನ ಟೆರೇಸಿಗೆ ಒಯ್ಯಿರಿ. ಬಿಸಿಲಿಗೆ ಬಿಲ್ಲಿಲ್ಲ.

ಸಹೋದರಿಯರಿಗೆ ಇನ್ನೊಂದು ಮಾತು. ಮುಟ್ಟಿನ ಬಟ್ಟೆಯನ್ನು ಸಂಕೋಚದಿಂದ ಬಚ್ಚಲಿನ ಮೂಲೆಯಲ್ಲಿ, ಇತರ ಬಟ್ಟೆಗಳ ಅಡಿಯಲ್ಲಿ ಒಣಗಿಸುವವರಿದ್ದಾರೆ. ಅದು ಸೋಂಕಿಗೆ ದಾರಿ. ಅದರ ಮೇಲೊಂದು ತೆಳು ವಸ್ತ್ರ ಹರವಿಯಾದರೂ ಬಿಸಿಲಿಗೆ ಹಾಕಿ. ಬಿಸಿಲಿಲ್ಲದಿದ್ದರೆ ಪೂರ್ತಿ ಒಣಗಿಸಿ ಇಸ್ತ್ರಿ ಮಾಡಿ. ಟೆರೇಸಿನಲ್ಲಿ ಅದಕ್ಕೊಂದು ಮರೆ ಕಟ್ಟಿಕೊಡುವುದು ಮನೆಯ ಗಂಡಸರ ಹೊಣೆ.

ಆದರೆ ಕೆಲವು ಮನೆಗಳಿಗೆ ಈ ಯಂತ್ರ ಆಡಂಬರವಲ್ಲ, ಔಷಧದಂತೆ ಅಗತ್ಯ. ಹಾಸಿಗೆ ಹಿಡಿದ ಹಿರಿಯರಿಗೆ ದಿನಕ್ಕೆ ಎರಡು ಮೂರು ಸಲ ಹೊದಿಕೆ ಬದಲಿಸಬೇಕಾದ ಮನೆ, ಹಸುಗೂಸು ಇರುವ ಮನೆ, ಉಬ್ಬಸದ ಮಕ್ಕಳಿರುವ, ಬಿಸಿಲೂ ಟೆರೇಸೂ ಇಲ್ಲದ ಫ್ಲ್ಯಾಟ್. ಅಂಥಲ್ಲಿ ಒಬ್ಬಳೇ ಸೊಸೆ ಮಳೆಯಲ್ಲಿ ಬಟ್ಟೆ ಹೊತ್ತು ಅಲೆಯುವುದನ್ನು ನಾನು ಬಲ್ಲೆ. ಶಕ್ತಿಯಿದ್ದರೆ ಕೊಳ್ಳಿ. ಜಾಗವಿದ್ದರೆ ಒಣಗಿಸುವ ಯಂತ್ರವನ್ನು ಪ್ರತ್ಯೇಕವಾಗಿ ಕೊಳ್ಳುವುದು ಇನ್ನೂ ಒಳ್ಳೆಯದು. ಆದರೆ ಕಂತಿನ ಆಸೆಗೆ ಬಿದ್ದು ಬಡ್ಡಿಯ ಬಲೆಗೆ ಸಿಕ್ಕಬೇಡಿ. ‘ಬಡ್ಡಿಯಿಲ್ಲ’ ಎಂದು ಬರೆದಿದ್ದರೂ ಕಾಗದ ಓದಿಸಿ ನೋಡಿ. ಎರಡು ಮಳೆಗಾಲ ಉಳಿತಾಯ ಮಾಡಿ ಕೊಂಡರೂ ತಡವಾಗದು.

ದುಬೈಯಲ್ಲಿ ಬಾಲ್ಕನಿಯಲ್ಲಿ ಬಟ್ಟೆ ನೇತುಹಾಕುವುದನ್ನು ನಗರಾಡಳಿತ ಒಪ್ಪುವುದಿಲ್ಲ, ಮರುಭೂಮಿಯ ಧೂಳೂ ಇದೆ. ಅಲ್ಲಿ ಈ ಯಂತ್ರಕ್ಕೆ ಕಾರಣವಿದೆ. ನಮ್ಮಲ್ಲಿ ಮಳೆ ಜೋರಾಗಿರುವುದು ನಾಲ್ಕು ತಿಂಗಳು ಮಾತ್ರ. ಉಳಿದ ಎಂಟು ತಿಂಗಳು ಅಲ್ಲಾಹನು ಬಿಸಿಲನ್ನು ಧಾರಾಳವಾಗಿ ಕೊಟ್ಟಿದ್ದಾನೆ.

ಆ ತಾಯಿಗೂ ಇದನ್ನೇ ಹೇಳಿದೆ. ಅವರ ಮನೆಗೆ ಟೆರೇಸ್ ಇತ್ತು. ಮೇಲೆ ಶೀಟು ಹೊದೆಸಿ, ಎರಡು ಬದಿ ಗಾಳಿಗೆ ಬಿಟ್ಟು ಹಗ್ಗ ಕಟ್ಟಿಸಿದರು. ಟವೆಲ್‌ಗಳನ್ನು ಬೇರೆ ಬೇರೆ ಮಾಡಿದರು. ಚಿಕಿತ್ಸೆಯನ್ನು ನಡುವೆ ಬಿಡದೆ ಪೂರ್ತಿ ಮಾಡಿದರು. ಹಬ್ಬಕ್ಕೆ ಊರಿಗೆ ಬಂದ ಅವರ ಯಜಮಾನರನ್ನೂ ಕರೆತಂದಿದ್ದರು. ಅವರಿಗೂ ಹುಳುಕಡ್ಡಿಯಿತ್ತು, ಯಾರಿಗೂ ಹೇಳಿರಲಿಲ್ಲ. ನಿಮ್ಮ ಮನೆಯಲ್ಲೂ ಯಂತ್ರದ ಅಂಗಡಿಗೆ ಹೋಗುವ ಮೊದಲು ಒಮ್ಮೆ ಎಲ್ಲರನ್ನೂ ಕೇಳಿ: ಯಾರಿಗೆಲ್ಲ ತುರಿಕೆಯಿದೆ?