ಯಾವ ಕಯಾಕ್ ಅನ್ನೋದು ಎರಡನೇ ಪ್ರಶ್ನೆ

ಡಿಸೆಂಬರ್ ಬಂತೆಂದರೆ ಬೆಂಗಳೂರಿನಿಂದ ನನಗೊಂದು ಫೋನು ಗ್ಯಾರಂಟಿ. ಈ ಸಲ ಮಾಡಿದವನು ಡಿಪ್ಲೊಮಾದಲ್ಲಿ ನನ್ನ ಪಕ್ಕ ಕೂರುತ್ತಿದ್ದವನು. ಈಗ ಹಲಸೂರಿನಲ್ಲಿ ಮನೆ, ಇಂದಿರಾನಗರದಲ್ಲಿ ಕೆಲಸ. “ಗುರು, ನಿಮ್ಮೂರ ಹಿನ್ನೀರಲ್ಲಿ ಕಯಾಕ್ ಮೇಲೆ ಕೂತು ಮೀನು ಹಿಡೀಬೇಕು. ಯಾವ ಕಯಾಕ್ ತಗೊಳ್ಳಲಿ?” ಉದ್ದ, ಬೆಲೆ, ಗಾಳ ಸಿಕ್ಕಿಸುವ ಜಾಗ ಎಷ್ಟು ಎಂಬುದನ್ನೆಲ್ಲ ಓದಿಕೊಂಡಿದ್ದ. ನಾನು ಒಂದೇ ಮಾತು ಕೇಳಿದೆ: “ಹುಟ್ಟು ಹಾಕೋದು ಎಲ್ಲಿ ಕಲಿತೆ?” ಆ ಕಡೆ ಸದ್ದಿಲ್ಲ.

ನಾನು ಕುಂದಾಪುರದ ಕಡೆ ಸ್ಟ್ರಿಂಗರ್. “ಪ್ರವಾಸಿಗ ನೀರುಪಾಲು” ಎಂಬ ನಾಲ್ಕು ಸಾಲಿನ ಸುದ್ದಿಯನ್ನು ಎಷ್ಟು ಸಲ ಕಳಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ಹೆಸರು, ವಯಸ್ಸು, ಊರು, ಠಾಣೆ. ಆತ ಯಾಕೆ ಮುಳುಗಿದ ಎಂಬುದಕ್ಕೆ ಆ ಸುದ್ದಿಯಲ್ಲಿ ಜಾಗ ಇರುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಸಲ ಆ ಸುದ್ದಿ ನನ್ನದೇ ಆಗಬೇಕಿತ್ತು. ಗಂಗೊಳ್ಳಿಯ ಹತ್ತಿರ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಐದೂ ಹೊಳೆ ಕೂಡಿ ಸಮುದ್ರ ಸೇರುತ್ತವೆ. ಗೆಳೆಯನ ಗಾಳಿ ತುಂಬುವ ಕಯಾಕ್ ಹಿಡಿದು ಬೆಳಿಗ್ಗೆ ಕಾಣೆ ಮೀನಿನ ಆಸೆಗೆ ಹೊರಟೆ. ನೀರು ಕನ್ನಡಿಯ ಹಾಗಿತ್ತು. ಗಾಳ ಹಾಕಿ ತಲೆ ಎತ್ತುವಷ್ಟರಲ್ಲಿ ದಡ ದೂರವಾಗಿತ್ತು. ಇಳಿತದ ನೀರು ಅಳಿವೆ ಬಾಗಿಲ ಕಡೆ ಎಳೆಯುತ್ತಿತ್ತು, ಬೆಳಗಿನ ಹೊತ್ತು ನೆಲದಿಂದ ಬೀಸುವ ಗಾಳಿಯೂ ಅತ್ತಲೇ ದೂಡುತ್ತಿತ್ತು. ಹಗುರದ ಕಯಾಕ್, ಎಷ್ಟು ಹುಟ್ಟು ಹಾಕಿದರೂ ಒಂದು ಮಾರು ಹಿಂದಕ್ಕೆ ಬರಲಿಲ್ಲ. ನಾಡದೋಣಿಯಲ್ಲಿ ಬಂದ ಹಿರಿಯರೊಬ್ಬರು ಹಗ್ಗ ಕಟ್ಟಿ ಎಳೆದು ತಂದು ದಡಕ್ಕೆ ಬಿಟ್ಟರು. ಬೈಯಲಿಲ್ಲ. “ಹ್ವಾಯ್, ನೀರ್ ಇಳೂಕ್ ಹಿಡ್ದಮೇಲೆ ಅಳ್ವಿ ಬದಿಗ್ ಹೋಪುಕಾಗ” ಎಂದಷ್ಟೇ ಹೇಳಿದರು. ಅವರಿಗೆ ಅದು ಅಆಇಈ. ನನಗೆ, ಇದೇ ಕರಾವಳಿಯಲ್ಲಿ ವರದಿ ಮಾಡುವವನಿಗೆ, ಅಂದು ಗೊತ್ತಾಯಿತು.

ಹಾಗಾಗಿ ನನ್ನ ವಾದ ಇಷ್ಟೇ. ಮೊದಲು ನೀರು ನೋಡಬೇಕು, ಆಮೇಲೆ ಕಯಾಕ್. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಹೊತ್ತು ದಿನದಿನಕ್ಕೆ ಮುಂದೆ ಹೋಗುತ್ತದೆ. ಉಬ್ಬರದಲ್ಲಿ ನೀರು ಒಳಗೆ ಬರುವಾಗ ಹೊಳೆಯ ಮೇಲ್ಭಾಗಕ್ಕೆ ಹೋಗಿ, ನೀರು ತಿರುಗುವ ಮೊದಲೇ ದಡ ಸೇರುವ ಲೆಕ್ಕ ಇರಲಿ. ಬೇಸಿಗೆಯ ಮಧ್ಯಾಹ್ನ ಗಾಳಿ ತಿರುಗಿ ಕಡಲಿನಿಂದ ಬೀಸುತ್ತದೆ, ಅಲೆ ಏಳುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ. ಕಾಗದದ ಮೇಲೆ ಅದು ಕಯಾಕಿಗೆ ಅನ್ವಯಿಸಲಿ ಬಿಡಲಿ, ಆ ಮಳೆಗಾಲದ ನೀರು ಕಯಾಕಿನದ್ದಲ್ಲ.

ಈಗ ಕಯಾಕ್. ಗಾಳಿ ತುಂಬುವುದು ಕಾರಿನ ಡಿಕ್ಕಿಯಲ್ಲಿ ಹಿಡಿಯುತ್ತದೆ, ಅಪಾರ್ಟ್‌ಮೆಂಟಿನ ಅಟ್ಟದಲ್ಲೂ ಇಡಬಹುದು, ನಿಂತ ನೀರಲ್ಲಿ ಹುಟ್ಟು ಕಲಿಯಲು ಸಾಕು. ಆದರೆ ಗಾಳದ ಕೊಕ್ಕೆ, ಕಲ್ಲಿಗೆ ಅಂಟಿದ ಚಿಪ್ಪು, ಕಾಂಡ್ಲಾ ಬೇರು ಎಲ್ಲವೂ ಅದರ ಶತ್ರು. ಮೀನು ಹಿಡಿಯಲೇಬೇಕೆಂದರೆ ಒಳಗೆ ಕಾಲು ತೂರಿಸಿ ಕೂರುವುದಲ್ಲ, ಮೇಲೆ ಕೂರುವ ಗಟ್ಟಿ ಪ್ಲಾಸ್ಟಿಕ್ಕಿನ ಕಯಾಕ್ ಒಳ್ಳೆಯದು. ಅದರ ತಳದಲ್ಲಿ ಆರಪಾರ ತೂತುಗಳಿರುತ್ತವೆ, ಒಳಬಂದ ನೀರು ತಾನೇ ಇಳಿಯುತ್ತದೆ. ಮಗುಚಿದರೂ ತಿರುಗಿಸಿ ಮತ್ತೆ ಹತ್ತಬಹುದು. 10ರಿಂದ 12 ಅಡಿ ಉದ್ದ, 30 ಇಂಚಿಗಿಂತ ಹೆಚ್ಚು ಅಗಲ ಇದ್ದರೆ ಹೊಸಬರಿಗೆ ಅಲುಗಾಟ ಕಡಿಮೆ. ಗರಿಷ್ಠ ಭಾರ 150 ಕೆ.ಜಿ. ಎಂದು ಬರೆದಿದ್ದರೆ ನೀವು, ಸಾಮಾನು, ಮೀನಿನ ಡಬ್ಬಿ ಸೇರಿ 105 ದಾಟದಿರಲಿ. ಕಯಾಕೇ 25-35 ಕೆ.ಜಿ. ತೂಗುತ್ತದೆ, ಮೂರನೇ ಮಹಡಿಯಿಂದ ಇಳಿಸುವವರು ಯಾರು ಎಂದು ಅಂಗಡಿಗೆ ಹೋಗುವ ಮೊದಲೇ ಯೋಚಿಸಿ. ಹಣ ಕಡಿಮೆ ಬಿದ್ದರೆ ಕಯಾಕಿನಲ್ಲಿ ಉಳಿಸಿ, ಲೈಫ್ ಜಾಕೆಟ್ಟಿನಲ್ಲಿ ಬೇಡ. ಅದು ಸೀಟಿನ ಹಿಂದೆ ಇರಬಾರದು, ಮೈಮೇಲೆ ಇರಬೇಕು. ಕೊರಳಿಗೆ ಸೀಟಿ, ಹುಟ್ಟಿಗೆ ದಾರ, ಹಗ್ಗ ಕತ್ತರಿಸಲು ಚಾಕು, ನೀರು ಹೋಗದ ಚೀಲದಲ್ಲಿ ಫೋನು. ಎದೆಮಟ್ಟದ ನೀರಿನಲ್ಲಿ ಬೇಕೆಂದೇ ಮಗುಚಿ ಮತ್ತೆ ಹತ್ತುವುದನ್ನು ಹತ್ತು ಸಲ ಮಾಡದೆ ಗಾಳ ಮುಟ್ಟಬೇಡಿ.

ಇದನ್ನೆಲ್ಲ ಕಲಿಯುವುದು ಎಲ್ಲಿ? ಗೆಳೆಯನ ಮೌನಕ್ಕೆ ಅವನೊಬ್ಬನನ್ನೇ ದೂರುವ ಹಾಗಿಲ್ಲ. ಅವನ ಮನೆ ಹಲಸೂರು ಕೆರೆಯ ಪಕ್ಕ. ಅಲ್ಲಿ ಮದ್ರಾಸ್ ಸ್ಯಾಪರ್ಸ್ ಸೈನಿಕರ ಹಾಯಿದೋಣಿಗಳಿವೆ, ಟಿಕೆಟ್ ಕೊಟ್ಟು ಒಂದು ಸುತ್ತು ಬರುವ ದೋಣಿವಿಹಾರವೂ ನಡೆದುಕೊಂಡು ಬಂದಿದೆ. ಸ್ವಂತ ಹುಟ್ಟು ಹಿಡಿದು ಇಳಿಯುವ ಕಲಿಯುವವನಿಗೆ ಜಾಗವಿಲ್ಲ. ಇದ್ದಿದ್ದರೂ ಆ ನೀರಲ್ಲಿ ಮಗುಚಿ ಏಳು ಎಂದು ಹೇಳಲು ಬಾಯಿ ಬಾರದು. 2016ರ ಮಾರ್ಚಿನಲ್ಲಿ ಅಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದು ನೆನಪಿದೆಯಲ್ಲ? ಬೆಳ್ಳಂದೂರು ಕೆರೆಗೆ 2017ರಲ್ಲೂ 2018ರಲ್ಲೂ ಬೆಂಕಿಯೇ ಬಿತ್ತು. ಕೆ.ಆರ್. ಪುರದಿಂದಾಚೆಗಿನ ಕೆರೆಗಳಲ್ಲಿ ಹರಿಗೋಲು ಹಾಕುವವರದ್ದು ಹೊಟ್ಟೆಪಾಡು. ಮೀನುಗಾರಿಕೆ ಇಲಾಖೆ ಗುತ್ತಿಗೆ ಕೊಟ್ಟ ಕೆರೆಯಲ್ಲಿ ಮರಿ ಬಿಟ್ಟು ಸಾಕಿದ ಕಾಟ್ಲಾ, ರೋಹು ಗುತ್ತಿಗೆದಾರರದ್ದು. ಅಲ್ಲಿ ಹವ್ಯಾಸಕ್ಕೆ ಗಾಳ ಹಾಕಿದರೆ ಅದು ಕಳವು.

ಹೀಗಾಗಿ ಪೂರ್ವ ಬೆಂಗಳೂರಿನ ಹುಡುಗ ಕಯಾಕನ್ನು ಕಾರಿನ ಮೇಲೆ ಕಟ್ಟಿ 400 ಕಿ.ಮೀ. ದಾಟಿ ಬರುತ್ತಾನೆ, ಜೀವಮಾನದ ಮೊದಲ ಹುಟ್ಟನ್ನು ಅಳಿವೆಯಲ್ಲೇ ಹಾಕುತ್ತಾನೆ. ಕೆರೆಗೆ ಬೇಲಿ, ದೀಪ, ವಾಕಿಂಗ್ ಪಾತ್ ಹಾಕಲು ಹಣ ಸಿಗುತ್ತದೆ. ಕೊಳಚೆ ನಿಲ್ಲಿಸಿ, ಒಂದೇ ಒಂದು ಕೆರೆಯ ಒಂದು ಮೂಲೆಯಲ್ಲಿ ಭಾನುವಾರ ಎರಡು ಗಂಟೆ ಈಜು, ಹುಟ್ಟು ಕಲಿಸಿದರೆ ಆಗದೇ? ಮಕ್ಕಳಿಗೆ ನೀರನ್ನು ಬೇಲಿಯಾಚೆಯಿಂದ ತೋರಿಸಿ ಬೆಳೆಸಿದ ನಗರ, ಆಮೇಲೆ ಅವರು ಮುಳುಗಿದರು ಎಂದು ಅಚ್ಚರಿಪಡಬಾರದು.

ಅದಾಗುವವರೆಗೆ ಹತ್ತಿರದ ದಾರಿ ಇದೆ. ಸಾಲಿಗ್ರಾಮದ ಪಾರಂಪಳ್ಳಿಯಲ್ಲಿ ಸೀತಾನದಿ ಹಿನ್ನೀರಿನಲ್ಲಿ ಬಾಡಿಗೆ ಕಯಾಕ್ ಸಿಗುತ್ತದೆ. ಕೊಳ್ಳುವ ಮೊದಲು ಅಲ್ಲಿ ನಾಲ್ಕು ಬೆಳಿಗ್ಗೆ ಕಳೆಯಿರಿ. ಗಾಳ ಹಾಕುವ ಮೊದಲು ದಡದಲ್ಲಿ ಬಲೆ ಹೆಣೆಯುವವರ ಹತ್ತಿರ ಕೂತು ನೀರಿನ ಹೊತ್ತು ಕೇಳಿ. ಅವರ ಬಲೆಯ ತೇಲುಬುಂಡೆಯಿಂದ ದೂರ ಇರಿ. ನಿಮ್ಮ ಕೊಕ್ಕೆಗೆ ಹರಿದ ಬಲೆ ಅವರ ಒಂದು ದಿನದ ಅನ್ನ. ಕಷ್ಟಕ್ಕೆ ಹಗ್ಗ ಎಸೆಯುವವರೂ ಅವರೇ.

ಗೆಳೆಯ ಜನವರಿಯಲ್ಲಿ ಬರುತ್ತಾನಂತೆ, ಕಯಾಕ್ ಇಲ್ಲದೆ. ಮೊದಲ ದಿನ ನನ್ನನ್ನು ಎಳೆದು ತಂದ ಅದೇ ಹಿರಿಯರ ದೋಣಿಯಲ್ಲಿ ಕೂರಿಸುತ್ತೇನೆ. ಕಾಣೆ ಸಿಕ್ಕರೆ ಸಿಗಲಿ. ಅವನ ಹೆಸರು, ವಯಸ್ಸು, ಊರು ಬರೆದು ಡೆಸ್ಕಿಗೆ ಕಳಿಸುವ ಕೆಲಸ ಮಾತ್ರ ನನಗೆ ಬರದಿರಲಿ.