ಚೆಲ್ಲಿದವರು ಯಾರು, ಬಳಿಯುವವರು ಯಾರು?

ಅಡುಗೆಮನೆಯಲ್ಲಿ ಎಣ್ಣೆ ಚೆಲ್ಲಿದರೆ ನಾವು ಮೊದಲು ಮಾಡುವುದೇನು? ಮಕ್ಕಳು ಕಾಲಿಟ್ಟು ಜಾರದಿರಲೆಂದು ಬಳಿದು ಒರೆಸುತ್ತೇವೆ. ಚೆಲ್ಲಿದವರು ಯಾರೆಂಬ ವಿಚಾರಣೆ ಆಮೇಲೆ. ಇಷ್ಟು ಸರಳವಾದ ಸಂಸಾರದ ನ್ಯಾಯ ನೈಜೀರಿಯಾ ದೇಶದಲ್ಲಿ, ನೈಜರ್ ನದಿಯ ಮುಖಜಭೂಮಿಯಲ್ಲಿ ತಲೆಕೆಳಗಾಗಿದೆ. ಅಲ್ಲಿ ವಿಚಾರಣೆ ಮುಂದೆ, ಬಳಿಯುವ ಕೆಲಸ ಹಿಂದೆ.

1956ರಲ್ಲಿ ಒಲೊಯ್‌ಬಿರಿ ಎಂಬಲ್ಲಿ ತೈಲ ಸಿಕ್ಕಿದ್ದೇ ತಡ, ಆ ನಾಡಿನ ಹಣೆಬರಹ ಬದಲಾಯಿತು. ನದಿ ಹಲವು ಕವಲಾಗಿ ಕಡಲು ಸೇರುವ ಹೂಳಿನ ನೆಲ ಅದು. ಕಾಂಡ್ಲಾ ಮರಗಳ ಬೇರುಗಳ ನಡುವೆ, ಕೆಸರಿನಲ್ಲಿ ನಿಂತು ಚಿಪ್ಪು ಆರಿಸಿ ಸಂಸಾರ ತೂಗಿಸುವವರು ಹೆಂಗಸರು. ಕೊಳವೆಯಿಂದ ಸೋರಿದ ಎಣ್ಣೆ ಆ ಕೆಸರಿಗಿಳಿದರೆ, ಗಾಳಿಯಾಡದ ಜಾಗದಲ್ಲಿ ವರ್ಷಗಟ್ಟಲೆ ಹಾಗೆಯೇ ಕೂತುಬಿಡುತ್ತದೆ.

ಅಲ್ಲಿನ ಕಾನೂನಿನಲ್ಲಿ, ಹೊರಗಿನವರು ಬೇಕೆಂದೇ ಕೊಳವೆ ಒಡೆದಿದ್ದರೆ ಕಂಪನಿ ಪರಿಹಾರ ಕೊಡಬೇಕಿಲ್ಲ. ಆದ್ದರಿಂದ "ಕಳ್ಳರು ಕೊರೆದರು" ಎಂಬ ಮಾತು ಕಂಪನಿಗಳಿಗೆ ಲಾಭದ ಮಾತು. ಕಾರಣ ಹುಡುಕುವ ತಂಡದಲ್ಲಿ ಕಂಪನಿಯವರೂ ಇರುತ್ತಾರೆ. ಆರೋಪಿಯೇ ಪಂಚರ ಸಾಲಿನಲ್ಲಿ ಕೂತಂತೆ! ಕಳ್ಳರಿಲ್ಲವೆಂದು ನಾನು ಹೇಳುವುದಿಲ್ಲ. ತೈಲ ಕದ್ದು, ತೊರೆಗಳ ದಡದಲ್ಲಿ ಕಾಯಿಸಿ ಮಾರುವವರಿದ್ದಾರೆ. ಅವರಿಂದಲೂ ನೆಲ ಕೆಟ್ಟಿದೆ.

ಈ ಜಗಳಕ್ಕೆ ವಿಜ್ಞಾನ ಒಬ್ಬ ಒಳ್ಳೆಯ ಸಾಕ್ಷಿಯನ್ನು ಒದಗಿಸಿದೆ. ಹಸಿ ಎಣ್ಣೆಯ ವಾಸನೆ ಬೇರೆ, ಸೀದ ಎಣ್ಣೆಯ ವಾಸನೆ ಬೇರೆಯೆಂದು ನಮ್ಮ ಮೂಗಿಗೆ ಗೊತ್ತಲ್ಲವೆ? ಹಾಗೆಯೇ ಕೆಸರಿನಲ್ಲಿರುವ ಹೈಡ್ರೋಕಾರ್ಬನ್‌ಗಳನ್ನು ಬಿಡಿಸಿ ನೋಡಿದರೆ, ಸೋರಿದ ಕಚ್ಚಾ ತೈಲ ಯಾವುದು, ಸುಟ್ಟದ್ದರ ಮಸಿ ಯಾವುದು ಎಂದು ತಿಳಿಯುತ್ತದೆ. ಹೋಪೇನ್ ಎಂಬ ವಸ್ತುಗಳು ಪುರಾತನ ಬ್ಯಾಕ್ಟೀರಿಯಾಗಳಿಂದ ಬಂದವು, ಬೇಗ ಕೊಳೆಯುವುದಿಲ್ಲ. ಅವುಗಳ ಪ್ರಮಾಣ ತೈಲದಿಂದ ತೈಲಕ್ಕೆ ಬೇರೆ. ಅದು ತೈಲದ ಬೆರಳಚ್ಚು.

ಆದರೆ ಈ ಬೆರಳಚ್ಚಿಗೂ ಒಂದು ಮಿತಿಯಿದೆ. ಎಣ್ಣೆ ಯಾವುದೆಂದು ಅದು ಹೇಳೀತು. ಕೊಳವೆ ತುಕ್ಕಿನಿಂದ ತೂತಾಯಿತೋ ಗರಗಸದಿಂದಲೋ ಎಂದು ಹೇಳಲಾರದು. ಎರಡು ತೂತುಗಳಿಂದ ಬರುವುದೂ ಅದೇ ಎಣ್ಣೆ. ಹೀಗಿರುವಾಗ "ಮೂಲ ಪತ್ತೆಯಾಗಲಿ, ಆಮೇಲೆ ನೋಡೋಣ" ಎನ್ನುವುದು ವಿಜ್ಞಾನದ ಸೆರಗು ಹಿಡಿದು ಹೊಣೆಯಿಂದ ಜಾರಿಕೊಳ್ಳುವುದಲ್ಲದೆ ಮತ್ತೇನು?

2011ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಒಗೊನಿ ಪ್ರದೇಶದ ವರದಿ ಕೊಟ್ಟಿತು. 49 ಕಡೆ ಎಣ್ಣೆ ಕನಿಷ್ಠ 5 ಮೀಟರ್ ಆಳಕ್ಕೆ ಇಳಿದಿತ್ತು. ನಿಸಿಸಿಯೋಕೆನ್ ಒಗಾಲೆ ಎಂಬ ಊರಿನಲ್ಲಿ ಅಂತರ್ಜಲದ ಮೇಲೆ 8 ಸೆಂಟಿಮೀಟರ್ ದಪ್ಪ ಎಣ್ಣೆ ತೇಲುತ್ತಿತ್ತು. ಅದು ಸಂಸ್ಕರಿಸಿದ ಎಣ್ಣೆಯೆಂದು ಗೊತ್ತಾಯಿತು. ಹತ್ತಿರದಲ್ಲೇ ಸರ್ಕಾರಿ ತೈಲ ಸಂಸ್ಥೆಯ ಕೊಳವೆಯಿತ್ತು. ಜನ ಕುಡಿಯುತ್ತಿದ್ದ ಬಾವಿನೀರಿನಲ್ಲಿ, ಕ್ಯಾನ್ಸರ್ ತರುವ ಬೆಂಜೀನ್ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ 900 ಪಟ್ಟು ಹೆಚ್ಚಿತ್ತು. ಆ ನೀರನ್ನು ಸೇದಿ, ಹೊತ್ತು, ಮಗುವಿಗೆ ಕುಡಿಸಿದ ತಾಯಿಗೆ ಕೊಳವೆ ಯಾರದ್ದಾದರೇನು? ಶುದ್ಧೀಕರಣಕ್ಕೆ ಚಾಲನೆ ಸಿಕ್ಕಿದ್ದು 2016ರಲ್ಲಿ!

ನ್ಯಾಯಾಲಯದ ಹಾದಿಯೂ ಅಷ್ಟೇ ದೀರ್ಘ. ಗೋಯಿ ಮತ್ತು ಒರುಮಾ ಊರುಗಳ ರೈತರು 2008ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಶೆಲ್ ಮೇಲೆ ದಾವೆ ಹೂಡಿದರು. 2021ರಲ್ಲಿ ಹೇಗ್‌ನ ಮೇಲ್ಮನವಿ ನ್ಯಾಯಾಲಯ, ಕೊಳವೆಯನ್ನು ಬೇರೆಯವರು ಕೆಡಿಸಿದರೆಂಬುದು ಸಂಶಯಾತೀತವಾಗಿ ಸಾಬೀತಾಗಿಲ್ಲವೆಂದು ಶೆಲ್‌ನ ನೈಜೀರಿಯಾ ಕಂಪನಿಯನ್ನು ಹೊಣೆ ಮಾಡಿತು. ಹದಿಮೂರು ವರ್ಷ! ತೀರ್ಪು ಕೇಳಲು ದಾವೆ ಹೂಡಿದವರಲ್ಲಿ ಎಲ್ಲರೂ ಉಳಿದಿರಲಿಲ್ಲ.

ಬೆರಳಚ್ಚು ಬೇಡವೆಂದಲ್ಲ, ಬೇಕೇ ಬೇಕು. ಆದರೆ ಅದು ಖರ್ಚಿನ ಲೆಕ್ಕವನ್ನು ಯಾರ ಹೆಸರಿಗೆ ಬರೆಯಬೇಕೆಂದು ತೀರ್ಮಾನಿಸಲು ಬೇಕು, ಕೆಲಸವನ್ನು ಮುಂದೂಡಲು ಅಲ್ಲ. ಮೊದಲು ಕುಡಿಯುವ ನೀರು, ಆಮೇಲೆ ನೆಲದ ಶುದ್ಧಿ, ಅದರ ಜೊತೆಜೊತೆಗೇ ಪತ್ತೆ. ಕೆಸರು ಎಲ್ಲಿಗೂ ಓಡಿಹೋಗುವುದಿಲ್ಲ, ಸಾಕ್ಷಿ ಹೇಳಲು ಕಾದಿರುತ್ತದೆ. ಬಾಯಾರಿದ ಮಗು ಕಾಯುವುದಿಲ್ಲ.